ಗೇಟಿನ ಕಂಬದ ಮೇಲಿನ ಕಲ್ಲು

ಫೆಬ್ರವರಿ ೧೮

ಗುಮ್ಮಾ,

ಹಾಲಿನ ವ್ಯಾನಿನವನು ಹೊರಡುವುದರೊಳಗೆ ಇದನ್ನು ಮುಗಿಸಿ ಅವನ ಕೈಗೆ ಕೊಡಬೇಕು. ಹಾಗಾಗಿ ಕುಶಲದ ಮಾತೆಲ್ಲ ನೀನೇ ತುಂಬಿಕೊಂಡು ಓದಿಕೋ. ನಾನು ಗಟ್ಟಿಯಾಗಿದ್ದೇನೆ, ಕುರಿಗಳೂ ಗಟ್ಟಿಯಾಗಿವೆ. ನಾಯಿಗೆ ಮಾತ್ರ ವಯಸ್ಸಾಯಿತು, ನನ್ನ ಹಾಗೆ ಕಂಡದ್ದಕ್ಕೆಲ್ಲ ಗುರ್ ಅನ್ನುತ್ತದೆ.

ನಿನ್ನೆ ನಿಮ್ಮ ಭೂಮಿ ಕಚೇರಿಯ ಜವಾನ ಬಂದು ಕುರಿದೊಡ್ಡಿಯ ಬಾಗಿಲಿಗೆ ಒಂದು ನಕ್ಷೆ ಅಂಟಿಸಿ ಹೋದ. ಎಷ್ಟು ಅಂಟು ಬಳಿದಿದ್ದಾನೆ ಅಂದರೆ ಚಿಲಕ ತೆಗೆಯಲು ಚಾಕು ಬೇಕಾಯಿತು. ಇಲ್ಲಿನ ಸರ್ಕಾರಿ ಬಯಲನ್ನೆಲ್ಲ ನಾಲ್ಕು ಬಣ್ಣದಲ್ಲಿ ಹಂಚಿಬಿಟ್ಟಿದ್ದೀರಿ. ಹಳದಿ ಕುರಿಗಳಿಗೆ, ಹಸಿರು ಕಾಡಿನ ಪ್ರಾಣಿ ಪಕ್ಷಿಗಳಿಗೆ, ಕಿತ್ತಳೆ ಬಣ್ಣ ರಜೆಯ ದಿನ ಬೈಕು ಹತ್ತಿ ಬರುವವರಿಗೆ, ನೀಲಿ ಗಾಳಿಯಿಂದ ಕರೆಂಟು ತೆಗೆಯುವ ಫ್ಯಾನುಗಳಿಗೆ. ನಮ್ಮ ಮೇಲ್ಬಯಲು ಹಳದಿ, ಕೆಳಬಯಲು ಹಳದಿ. ನಡುಬಯಲು ಮಾತ್ರ ಪೂರ್ತಿ ನೀಲಿ. ಪಕ್ಕದಲ್ಲಿ ‘ಬಳಕೆಯಲ್ಲಿಲ್ಲದ ಜಾಗ’ ಎಂದು ಬರೆದಿದೆ. ಕೆಳಗೆ ಸರ್ವೆ ಮಾಡಿದವರ ಸಹಿ. ಆ ಸಹಿಯ ಕೊನೆಯ ಅಕ್ಷರಕ್ಕೆ ಅಷ್ಟುದ್ದ ಬಾಲ ಎಳೆಯುವುದನ್ನು ನನ್ನ ಸ್ಲೇಟಿನ ಮೇಲೆ ನಿನಗೆ ಕಲಿಸಿದವಳು ನಾನೇ.

ಬಳಕೆಯಲ್ಲಿಲ್ಲವಂತೆ! ಅಪ್ಪನ ಮಗ ಬರೆಯುವ ಮಾತೇ ಇದು? ಮೂರು ಬಯಲಲ್ಲಿ ವರ್ಷಕ್ಕೊಂದನ್ನು ಬಿಡುತ್ತೇವೆ, ಹುಲ್ಲು ಬೇರು ಹಿಡಿಯಲಿ ಅಂತ. ಅಲ್ಲಿಗೆ ಒಂದು ಕುರಿಯೂ ಕಾಲಿಡುವುದಿಲ್ಲ. ಕಳೆದ ಜೂನ್‌ನಿಂದ ಈ ಜೂನ್‌ವರೆಗೆ ನಡುಬಯಲಿನ ಸರದಿ. ನೀನು ನವೆಂಬರ್‌ನಲ್ಲಿ ಜೀಪಿನಲ್ಲಿ ಬಂದು ನೋಡಿದೆ, ಕುರಿ ಕಾಣಲಿಲ್ಲ, ಬರೆದುಕೊಂಡೆ. ಮಲಗಿರುವವನನ್ನು ಸತ್ತ ಅಂತ ಬರೆದುಕೊಂಡು ಹೋದರೆ ಹೇಗಪ್ಪಾ?

ನಾನು ಆ ದಿನ ಮೇಲ್ಬಯಲಿನ ಆ ಕಡೆ ಇದ್ದೆ. ನೀನು ಬಂದು ಹೋದದ್ದು ವ್ಯಾನಿನವನಿಂದ ಗೊತ್ತಾಯಿತು. ಒಂದು ಲೋಟ ಟೀಗೂ ನಿಲ್ಲಲಿಲ್ಲ ನೀನು. ಇರಲಿ, ಅದನ್ನು ಹೊಟ್ಟೆಗೆ ಹಾಕಿಕೊಂಡಿದ್ದೇನೆ. ಆದರೆ ನಡುಬಯಲು ಹೋದರೆ ಉಳಿದ ಎರಡರಲ್ಲಿ ಒಂದನ್ನು ಬಿಟ್ಟು, ಒಂದೇ ಒಂದು ಬಯಲಲ್ಲಿ ಇಷ್ಟು ಕುರಿ ಮೇಯಿಸಬೇಕು. ಆಗದ ಮಾತು. ಅರ್ಧಕ್ಕರ್ಧ ಮಂದೆ ಮಾರಬೇಕಾಗುತ್ತದೆ. ಬೇಗ ಸರಿ ಮಾಡು.

ನಿನ್ನ ಅಕ್ಕ


ಮಾರ್ಚ್ ೧

ಅಕ್ಕನಿಗೆ,

ಪತ್ರ ಸಿಕ್ಕಿತು. ಕಿಟಕಿಯ ಪಕ್ಕ ಕೂತು ಬರೆಯುತ್ತಿದ್ದೇನೆ, ಏಕೆಂದರೆ ಬೆಳಗ್ಗೆಯಿಂದ ಮೂರನೇ ಸಲ ಕರೆಂಟು ಹೋಗಿದೆ. ಕೆಳಗಿನ ಬೇಕರಿಯವನು ಬೀದಿಗೆ ಬಂದು ನಿಂತು ಯಾರನ್ನೋ ಬೈಯುತ್ತಿದ್ದಾನೆ. ಯಾರನ್ನು ಅಂತ ಅವನಿಗೂ ಗೊತ್ತಿಲ್ಲ. ಬೇಸಿಗೆ ಇನ್ನೂ ಶುರುವಾಗಿಲ್ಲ. ಫ್ಯಾನುಗಳು ಬೇಕು ಅಕ್ಕಾ, ನೀನು ಮೊದಲು ಅದನ್ನು ಒಪ್ಪಿಕೋ. ನಡುಬಯಲಿನಲ್ಲಿ ಬೀಸುವ ಗಾಳಿ ಈ ಜಿಲ್ಲೆಯಲ್ಲೇ ಇನ್ನೆಲ್ಲೂ ಇಲ್ಲವಂತೆ.

ನಾನು ತುಂಬಿದ ಫಾರಂನಲ್ಲಿ ಇದ್ದದ್ದು ಎರಡೇ ಕಾಲಂ. ಬಳಕೆಯಲ್ಲಿದೆ, ಬಳಕೆಯಲ್ಲಿಲ್ಲ. ಬಿಟ್ಟ ವರ್ಷಕ್ಕೆ ಅಂತ ಮೂರನೆಯದು ಇರಲಿಲ್ಲ. ಹಿಕ್ಕೆ ಇಲ್ಲ, ಹೆಜ್ಜೆ ಇಲ್ಲ, ಹುಲ್ಲು ಮೊಣಕಾಲು ಮುಟ್ಟುತ್ತಿತ್ತು. ಕಣ್ಣಿಗೆ ಕಂಡದ್ದನ್ನು ಬರೆದೆ. ಆ ತಿಂಗಳು ನಾನು ನೋಡಿದ ನಲವತ್ತೊಂದನೆಯ ಬಯಲು ಅದು. ಮರೆತೆ ಅಂತಲೇ ಇಟ್ಟುಕೋ.

ಸಮಿತಿಯಲ್ಲಿ ನಾಲ್ಕು ಕುರ್ಚಿ ಇದ್ದವು. ಕರೆಂಟು ಕಂಪನಿಯ ಇಂಜಿನಿಯರ್ ಬಂದಿದ್ದರು, ವನ್ಯಜೀವಿ ಕಚೇರಿಯ ಮೇಡಂ ಬಂದಿದ್ದರು, ಬೆಟ್ಟ ಹತ್ತುವವರ ಕ್ಲಬ್ಬಿನ ಕಾರ್ಯದರ್ಶಿ ಬೂಟು ಹಾಕಿಕೊಂಡೇ ಬಂದಿದ್ದ. ಕುರಿಯವರ ಕುರ್ಚಿ ಮಾತ್ರ ಖಾಲಿ. ನೋಟಿಸು ಹೋಗಿತ್ತು, ಆದರೆ ಅಪ್ಪನ ಹೆಸರಿಗೆ. ಮೇಯಿಸುವ ಪರವಾನಗಿ ಈಗಲೂ ಅವರ ಹೆಸರಲ್ಲೇ ಇದೆ ನೋಡು. ‘ವಿಳಾಸದಾರರು ತೀರಿಕೊಂಡಿದ್ದಾರೆ’ ಎಂದು ಅಂಚೆಯವನು ವಾಪಸು ಕಳಿಸಿದ. ಅದು ನನ್ನ ಮೇಜಿಗೇ ಬಂತು.

ಮೇ ಇಪ್ಪತ್ತಕ್ಕೆ ಅಹವಾಲು ಸಭೆ ಇದೆ. ತಕರಾರು ಇದ್ದವರು ಬಂದು ಹೇಳಬಹುದು. ನಿನ್ನ ಮಂಡಿ ಹೇಗಿದೆ? ಇವಳು ಎಣ್ಣೆ ಕಳಿಸಿದ್ದಾಳೆ, ವ್ಯಾನಿನವನ ಹತ್ತಿರ ಇದೆ, ಕೇಳಿ ಇಸಕೋ.

ತಮ್ಮ


ಮಾರ್ಚ್ ೧೨

ಗುಮ್ಮಾ,

ಎಣ್ಣೆ ಬಂತು. ವ್ಯಾನಿನವನು ದಾರಿಯಲ್ಲಿ ತನ್ನ ಸೊಂಟಕ್ಕೂ ಒಂದಿಷ್ಟು ಹಚ್ಚಿಕೊಂಡಿದ್ದಾನೆ, ವಾಸನೆ ಹೊಡೆಯುತ್ತಿದ್ದ. ನಿನ್ನವಳಿಗೆ ಹೇಳು, ಇಬ್ಬರಿಗೂ ಗುಣ ಕೊಟ್ಟಿದೆ.

ಫ್ಯಾನು ಬೇಡ ಅಂತ ನಾನು ಎಲ್ಲಿ ಬರೆದೆ? ನನ್ನ ಕೊಟ್ಟಿಗೆಗೂ ಒಂದು ಬಲ್ಬು ಬೇಕು. ಬೈಕಿನವರು ಬೇಡ ಅಂತಲೂ ಹೇಳಿಲ್ಲ. ಕಳೆದ ಭಾನುವಾರ ಐದು ಜನ ಬಂದಿದ್ದರು, ನಾಯಿಯ ಜೊತೆ ಫೋಟೋ ತೆಗೆಸಿಕೊಂಡರು, ಕಾಲು ಮುರಿದ ಮರಿಯನ್ನು ಎತ್ತಿಕೊಂಡು ದೊಡ್ಡಿಯವರೆಗೂ ತಂದುಕೊಟ್ಟರು. ಪಾಪ, ಒಳ್ಳೆಯವರೇ. ಆಮೇಲೆ ಕೆಳಬಯಲಿನ ಗೇಟು ಹಾಕದೆ ಹೋದರು. ಇಳಿಹೊತ್ತಿನವರೆಗೂ ಕುರಿ ಹುಡುಕಿದೆ. ಎಲ್ಲರೂ ಬರಲಿ, ಎಲ್ಲರಿಗೂ ಜಾಗ ಇದೆ. ಆದರೆ ಮೊದಲಿನಿಂದ ಇರುವವರನ್ನು ಇಲ್ಲ ಅಂತ ಬರೆದು ಜಾಗ ಮಾಡಬೇಡಿ.

ಮರೆತೆ ಅಂತ ಇಟ್ಟುಕೋ ಅಂತೀಯಲ್ಲ, ಇಟ್ಟುಕೊಳ್ಳೋಣ ಅಂತ ನೋಡಿದೆ, ಆಗಲಿಲ್ಲ. ಕಲ್ಲಿನ ವಿಷಯ ನೀನು ಒಂದು ಸಾಲೂ ಬರೆದಿಲ್ಲ. ಬಿಟ್ಟ ಬಯಲಿನ ಗೇಟಿನ ಕಂಬದ ಮೇಲೆ ಕಲ್ಲು ಇರುತ್ತದೆ. ಕಲ್ಲು ಇದ್ದರೆ ಒಳಗೆ ಹೋಗಬಾರದು. ಅಪ್ಪನ ಅಪ್ಪನ ಕಾಲದಿಂದ ಅದೇ ಕಲ್ಲು, ಪ್ರತಿ ಜೂನ್‌ನಲ್ಲಿ ಗೇಟಿನಿಂದ ಗೇಟಿಗೆ ಹೋಗುತ್ತದೆ. ನೀನು ಏಳು ವರ್ಷದವನಿದ್ದಾಗ ಕೋಲಿನಿಂದ ಅದನ್ನು ಕೆಳಗೆ ಉರುಳಿಸಿದೆ, ನೆನಪಿದೆಯಾ? ಕುರಿಗಳೆಲ್ಲ ಒಳಗೆ ನುಗ್ಗಿದವು. ನಾವು ಅಜ್ಜಿಹಕ್ಕಿ ಅನ್ನುತ್ತಿದ್ದೆವಲ್ಲ, ಆ ಅಪರೂಪದ ಹಕ್ಕಿಯ ಮೊಟ್ಟೆ ತುಳಿದು ಅಪ್ಪಚ್ಚಿ ಮಾಡಿದವು. ನಾನು ನಿನ್ನ ಕೆನ್ನೆಗೆ ಬಾರಿಸಿದೆ. ಐದು ಬೆರಳೂ ಮೂಡಿತ್ತು. ನೀನು ಗಾಡಿಯ ಕೆಳಗೆ ಹೋಗಿ ಮುಖ ಊದಿಸಿಕೊಂಡು ಇಡೀ ದಿನ ಕೂತೆ. ಗುಮ್ಮನಗುಸುಕ ಅಂತ ಹೆಸರು ಬಿದ್ದದ್ದೇ ಆವತ್ತು.

ಆ ಕಲ್ಲನ್ನು ಮರೆತೆಯಾ? ನಿನ್ನ ಜೀಪು ನಿಂತದ್ದು ಅದೇ ಕಂಬದ ಪಕ್ಕ. ಚಕ್ರದ ಗುರುತು ನೋಡಿದ್ದೇನೆ.

ಅಕ್ಕ


ಮಾರ್ಚ್ ೨೪

ಅಕ್ಕಾ,

ಕಲ್ಲು ನೋಡಿದೆ.

ಜೀಪಿನಲ್ಲಿ ನಾನು, ಇಂಜಿನಿಯರ್, ನಮ್ಮ ಸಾಹೇಬರು ಇದ್ದೆವು. ಇಂಜಿನಿಯರ್ ಇಳಿದು, “ಇದೇನ್ರೀ, ಕಂಬದ ಮೇಲೆ ಕಲ್ಲು?” ಅಂದರು. ನಾನು, “ಏನಿಲ್ಲ ಸರ್, ಬರೀ ಕಲ್ಲು” ಅಂದೆ. ಆಮೇಲೆ ನಾನೇ ಗೇಟು ತೆರೆದೆ. ತೆರೆಯುವಾಗ ಅದು ಅಲುಗಾಡಿತು, ಬೀಳದ ಹಾಗೆ ಒಂದು ಕೈಯಲ್ಲಿ ಹಿಡಿದುಕೊಂಡೆ. ಅಷ್ಟು ಮಾಡಿದೆ.

ಯಾಕೆ ಅಂತ ನೀನು ಕೇಳುತ್ತೀಯ. ಸುಸ್ತಾಗಿತ್ತು ಅಂತ ಹೇಳಬಹುದು, ಅದು ಸುಳ್ಳಲ್ಲ. ಆದರೆ ಪೂರ್ತಿ ನಿಜವೂ ಅಲ್ಲ. ಕಳೆದ ವರ್ಷ ನೀನು ಜಾರಿ ಬಿದ್ದು ಎರಡು ದಿನ ದೊಡ್ಡಿಯಲ್ಲೇ ಮಲಗಿದ್ದೆ, ನಮಗೆ ಗೊತ್ತಾದದ್ದು ವಾರದ ಮೇಲೆ, ಅದೂ ವ್ಯಾನಿನವನ ಬಾಯಿಂದ. ಆವತ್ತಿನಿಂದ ನನಗೆ ಒಂದೇ ಯೋಚನೆ. ಬಯಲು ಕಡಿಮೆಯಾದರೆ ಕುರಿ ಕಡಿಮೆಯಾಗುತ್ತದೆ, ಕುರಿ ಕಡಿಮೆಯಾದರೆ ನೀನು ಇಳಿದು ಬರುತ್ತೀಯ. ನಮ್ಮ ಮನೆಯಲ್ಲಿ ಬೀದಿ ಕಡೆಯ ಕೋಣೆ ಖಾಲಿ ಇದೆ. ಇವಳು ಪರದೆ ಕೂಡ ಹಾಕಿದ್ದಾಳೆ. ಎದುರಿಗೆ ಕೂತು ಹೇಳುವ ಧೈರ್ಯ ಇಲ್ಲದೆ ಸರ್ಕಾರಿ ಫಾರಂನಲ್ಲಿ ಹೇಳಿದೆ. ಬೈಯಿ.

ಅಪ್ಪನ ಪರವಾನಗಿಯನ್ನು ನಿನ್ನ ಹೆಸರಿಗೆ ಮಾಡಿಸುವ ಕಾಗದ ಆರು ವರ್ಷದಿಂದ ನನ್ನ ಡ್ರಾಯರಿನಲ್ಲಿದೆ. ವಾರಸುದಾರ ಅಂತ ನನ್ನದೂ ಒಂದು ಸಹಿ ಬೇಕು. ಹಾಕಿಲ್ಲ. ಮೊದಲು ಸೋಮಾರಿತನ, ಕಳೆದ ವರ್ಷದಿಂದ ಅದೂ ಇದಕ್ಕೇ.

ಈಗ ಸರ್ವೆ ತಪ್ಪು ಅಂತ ನಾನೇ ಹೇಳಿದರೆ ನನ್ನ ಮೇಲೆ ವಿಚಾರಣೆ ಆಗುತ್ತದೆ. ನಿವೃತ್ತಿಗೆ ಹದಿನೈದು ತಿಂಗಳಿದೆ. ಇನ್ನೊಂದು ದಾರಿ ಇದೆ. ಆ ಜಾಗದಲ್ಲಿ ಅಪರೂಪದ ಹಕ್ಕಿ ಗೂಡು ಮಾಡಿದ್ದರೆ ನೀಲಿ ಅಳಿಸಿ ಹಸಿರು ಹಚ್ಚುತ್ತಾರೆ, ಯಾರನ್ನೂ ಏನೂ ಕೇಳುವುದಿಲ್ಲ. ವನ್ಯಜೀವಿ ಮೇಡಂ ಕುರಿಯವರನ್ನೆಲ್ಲ ವಿಚಾರಿಸಿದಾಗ ನೀನು ‘ಏನೂ ಇಲ್ಲ’ ಅಂದೆಯಂತೆ. ಅಜ್ಜಿಹಕ್ಕಿ ಈಗ ಬರುವುದಿಲ್ಲವಾ?

ತಮ್ಮ


ಏಪ್ರಿಲ್ ೫

ಗುಮ್ಮಾ,

ನಿನ್ನ ಪತ್ರ ಓದಿ ಮಡಚಿಟ್ಟೆ, ಮತ್ತೆ ತೆಗೆದು ಓದಿದೆ, ನಾಯಿಗೂ ಓದಿ ಹೇಳಿದೆ. ಅದಕ್ಕೂ ಸರಿ ಬರಲಿಲ್ಲ.

ನನ್ನ ಮಂಡಿ ನನ್ನದು. ಅದು ಯಾವ ಬಯಲಲ್ಲಿ ನೋಯಬೇಕು ಅನ್ನುವುದನ್ನು ನಾನು ನೋಡಿಕೊಳ್ಳುತ್ತೇನೆ. ಪರದೆ ಹಾಕಿದ ಕೋಣೆಯಲ್ಲಿ ಕೂತು ಬೇಕರಿಯವನು ಬೈಯುವುದನ್ನು ಕೇಳಲು ನನ್ನನ್ನು ಕರೆಯುವುದಿದ್ದರೆ ಬಾಯಿಬಿಟ್ಟು ಕರೆಯಬೇಕಿತ್ತು. ನಾನು ಒಲ್ಲೆ ಅನ್ನುತ್ತಿದ್ದೆ, ಮಾತು ಅಲ್ಲಿಗೆ ಮುಗಿಯುತ್ತಿತ್ತು. ಅಕ್ಕ ಅಂತ ಪ್ರೀತಿ ಇಟ್ಟುಕೊಂಡು ಹಿಂದಿನಿಂದ ಬಂದು ಕಾಲಿಗೆ ಹಗ್ಗ ಹಾಕುತ್ತಾರೇನೋ? ಕುರಿಗೂ ನಾನು ಹಾಗೆ ಮಾಡುವುದಿಲ್ಲ. ಎದುರಿಗೆ ಹೋಗಿ ಹಿಡಿಯುತ್ತೇನೆ.

ಅಳು ಬಂತು, ಅದನ್ನೂ ಬರೆಯುತ್ತಿದ್ದೇನೆ. ಸಿಟ್ಟಿನಿಂದಲೋ ಏನೋ ಗೊತ್ತಿಲ್ಲ.

ಹಕ್ಕಿಯ ವಿಷಯ ಕೇಳಿದ್ದೀಯ. ನಡುಬಯಲಿನಲ್ಲಿ ಹುಲ್ಲು ಚೆನ್ನಾಗಿ ಬಂದಿದೆ. ಅಷ್ಟೇ.

ಅಕ್ಕ


ಏಪ್ರಿಲ್ ೧೬

ಅಕ್ಕಾ,

ನಿನ್ನ ಕೊನೆಯ ಎರಡು ಸಾಲು ಮತ್ತೆ ಮತ್ತೆ ಓದಿದೆ. ನೀನು ಉತ್ತರ ಹೇಳಲಿಲ್ಲ, ಅದರಿಂದಲೇ ಉತ್ತರ ಗೊತ್ತಾಯಿತು.

ನಿನ್ನೆ ಕ್ಯಾಂಟೀನಿನಲ್ಲಿ ವನ್ಯಜೀವಿ ಮೇಡಂ ಎದುರಿಗೆ ಕೂತಿದ್ದರು. ಒಳ್ಳೆಯ ಹೆಂಗಸು, ಕಣ್ಣ ಸುತ್ತ ಕಪ್ಪು ಕಟ್ಟಿದೆ, ಅವರಿಗೂ ನಿದ್ದೆ ಇಲ್ಲ. ಪಕ್ಕದ ಬೆಟ್ಟದ ಕುರಿಯವನೊಬ್ಬ ನರಿಯ ಬಿಲ ತೋರಿಸಿದನಂತೆ. ಮೂರು ತಿಂಗಳಲ್ಲಿ ಅಲ್ಲಿ ಬೇಲಿ ಬಿತ್ತು, ಬಿಲ ತೋರಿಸಿದವನ ಕುರಿಗಳೇ ಹೊರಗೆ ಉಳಿದವು. “ಹಸಿರು ಅಂದ್ಮೇಲೆ ಯಾರಿಗೂ ಪ್ರವೇಶ ಇಲ್ಲ, ನಿಯಮ ನಾನು ಮಾಡಿದ್ದಲ್ಲ. ಈಗ ಯಾರೂ ನನಗೆ ಏನೂ ತೋರಿಸಲ್ಲ” ಅಂದರು ಮೇಡಂ.

ನೀನು ಯಾಕೆ ‘ಏನೂ ಇಲ್ಲ’ ಅಂದೆ ಅಂತ ಆಗ ಅರ್ಥವಾಯಿತು. ನಾನು ಕೇಳಿದ್ದನ್ನು ಮರೆತುಬಿಡು. ಸಭೆಯಲ್ಲಿ ಕಲ್ಲಿನ ವಿಷಯ ನಾನೇ ಎದ್ದು ನಿಂತು ಹೇಳುತ್ತೇನೆ. ಪರವಾನಗಿ ನಿನ್ನ ಹೆಸರಲ್ಲಿಲ್ಲ, ಕುರಿ ಮೇಯುತ್ತದೆ ಅಂತ ನೀನು ಹೇಳಿದರೆ ಲೆಕ್ಕಕ್ಕಿಲ್ಲ; ಬರೆದ ನಾನೇ ಹೇಳಿದರೆ ಬಯಲು ಬಳಕೆಯಲ್ಲಿದೆ ಅಂತಾಗಿ ಹಳದಿಗೆ ಬರುತ್ತದೆ. ಹಕ್ಕಿಯ ಮಾತೇ ಬೇಡ. ನೀನು ಬಾ, ಸುಮ್ಮನೆ ಕೂರು, ಸಾಕು.

ತಮ್ಮ


ಮೇ ೩

ಗುಮ್ಮಾ,

ಕಂಪನಿಯವರು ಗೂಟ ಹೊಡೆಯಲು ಬಂದಿದ್ದರು. ಕೆಂಪು ಬಟ್ಟೆ ಕಟ್ಟಿದ ಒಂಬತ್ತು ಗೂಟ. ನಾಲ್ಕನೆಯದನ್ನು ಎಲ್ಲಿ ಹೊಡೆದರು ಗೊತ್ತಾ? ಅಜ್ಜಿಹಕ್ಕಿಯ ಮೊಟ್ಟೆಯಿಂದ ಎಂಟು ಹೆಜ್ಜೆ.

ಹೌದು, ಬರುತ್ತದೆ. ಈಗಲೂ ಹಾಗೇ, ಕೈ ಬೆನ್ನಿಗೆ ಕಟ್ಟಿಕೊಂಡ ಅಜ್ಜಿಯ ಹಾಗೆ ಕತ್ತು ಮುಂದೆ ಚಾಚಿ ನಡೆಯುತ್ತದೆ. ವರ್ಷಕ್ಕೆ ಒಂದೇ ಮೊಟ್ಟೆ, ಬರೀ ನೆಲದ ಮೇಲೆ. ನಾನು ಗೇಟಿನ ಹೊರಗಿನಿಂದ ನೋಡುತ್ತಿದ್ದೆ. ಸುತ್ತಿಗೆಯ ಸದ್ದಿಗೆ ಅದು ಎದ್ದು ಓಡಿತು. ಆ ಬಿಸಿಲಲ್ಲಿ ಮೊಟ್ಟೆ ಹಾಗೇ ಬಿದ್ದಿತ್ತು. ಕಲ್ಲು ಇದ್ದಾಗ ಒಳಗೆ ಹೋಗಬಾರದು, ಆದರೂ ಹೋದೆ. ಗೂಟ ಹೊಡೆಯುವವರಿಗೆ, “ಊಟಕ್ಕೆ ಹೋಗ್ರಪ್ಪಾ, ಹೊತ್ತಾಯ್ತು” ಅಂದೆ. ಅದರಲ್ಲಿ ಹಿರಿಯ ನನ್ನ ಮುಖ ನೋಡಿದ, ನೆಲ ನೋಡಿದ. “ಬರ್ರೋ, ಊಟ ಮಾಡೋಣ” ಅಂದ. ಮತ್ತೆ ಆ ಕಡೆ ಅವರು ಬರಲಿಲ್ಲ. ಹಕ್ಕಿ ಒಂದು ಗಂಟೆ ಬಿಟ್ಟು ವಾಪಸು ಬಂದು ಕೂತಿತು. ಅಷ್ಟರಲ್ಲಿ ನನ್ನ ಜೀವ ಬಾಯಿಗೆ ಬಂದಿತ್ತು.

ನಿನಗೆ ಒಂದು ಮಾತು ಹೇಳಬೇಕು, ಯಾರಿಗೂ ಹೇಳಿಲ್ಲ. ಅದು ನಡುಬಯಲಿನ ಹಕ್ಕಿ ಅಲ್ಲ. ಹೋದ ವರ್ಷ ಕೆಳಬಯಲಲ್ಲಿ ಇಟ್ಟಿತ್ತು, ಅದರ ಹಿಂದಿನ ವರ್ಷ ಮೇಲ್ಬಯಲಲ್ಲಿ. ಎಲ್ಲಿ ಕಲ್ಲು ಇದೆಯೋ ಅಲ್ಲಿ. ಕುರಿ ಇರುವ ಕಡೆ ತುಳಿತ ಜಾಸ್ತಿ, ಅದಕ್ಕಾಗದು. ಹಾಗಂತ ಕುರಿಯೇ ಬಾರದಿದ್ದರೆ ಹುಲ್ಲು ಪೊದೆಯಾಗಿ ಅದಕ್ಕೆ ಸುತ್ತ ಕಾಣುವುದಿಲ್ಲ, ಆಗಲೂ ಬರುವುದಿಲ್ಲ. ಎರಡು ವರ್ಷ ಮೇಯ್ದು ಒಂದು ವರ್ಷ ಬಿಟ್ಟ ನೆಲ ಬೇಕು ಆ ಮಹಾರಾಣಿಗೆ. ನೀವು ಹಳದಿ ಹಚ್ಚಿ, ಹಸಿರು ಹಚ್ಚಿ, ಒಂದೇ ಬಣ್ಣ ಹಚ್ಚಿದರೆ ಅದಕ್ಕೆ ಆಗಿಬರುವುದಿಲ್ಲ. ನಿಮ್ಮ ಫಾರಂನಲ್ಲಿ ಇದಕ್ಕೂ ಕಾಲಂ ಇಲ್ಲ, ಗೊತ್ತು.

ಇಪ್ಪತ್ತಕ್ಕೆ ಬರುತ್ತೇನೆ. ವ್ಯಾನಿನವನು ಕರೆದುಕೊಂಡು ಬರುತ್ತಾನೆ. ನೀನು ಎದ್ದು ನಿಂತು ಹೇಳುತ್ತೇನೆ ಅಂದಿದ್ದೀಯ. ಆ ಮಾತಿನ ಮೇಲೆ ಬರುತ್ತಿದ್ದೇನೆ.

ಅಕ್ಕ


ಮೇ ೨೩

ಅಕ್ಕಾ,

ನೀರು ತರಲು ಹೋದವನು ಬರುವುದರೊಳಗೆ ನೀನು ಇರಲಿಲ್ಲ. ಮೆಟ್ಟಿಲ ಮೇಲೆ ಲೋಟ ಹಿಡಿದುಕೊಂಡು ಸುಮಾರು ಹೊತ್ತು ನಿಂತಿದ್ದೆ. ವ್ಯಾನು ಹೊರಟುಹೋಯಿತು ಅಂತ ಕಾವಲುಗಾರ ಹೇಳಿದ.

ಸಾಹೇಬರು ನನ್ನ ಹೆಸರು ಕೂಗಿದರು. ಎದ್ದೆ. “ಬಳಕೆಯಲ್ಲಿಲ್ಲ ಅಂತ ಬರೆದದ್ದು ನೀವೇ ಅಲ್ವಾ?” ಅಂದರು. “ಹೌದು ಸರ್, ನಾನೇ” ಅಂದೆ. ಮುಂದೆ ಹೇಳಬೇಕಿದ್ದದ್ದು ಒಂದೇ ಮಾತು. ‘ಕಲ್ಲು’ ಎನ್ನುವ ಒಂದು ಶಬ್ದ. ಇಡೀ ವಾರ ಕನ್ನಡಿಯ ಮುಂದೆ ನಿಂತು ಅಭ್ಯಾಸ ಮಾಡಿದ್ದೆ. ಇಂಜಿನಿಯರ್ ನನ್ನನ್ನೇ ನೋಡುತ್ತಿದ್ದರು. ಸಾಹೇಬರು ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡುತ್ತಿದ್ದರು. ನಾನು ಕೂತುಬಿಟ್ಟೆ.

ಹಿಂದಿನ ಬೆಂಚಿನಿಂದ ನೀನು ಎದ್ದ ಸದ್ದು ಕೇಳಿಸಿತು. ತಿರುಗಿ ನೋಡುವ ಮುಖ ಇರಲಿಲ್ಲ ನನಗೆ. “ಅಲ್ಲಿ ಹಕ್ಕಿ ಇದೆ, ಮೊಟ್ಟೆ ಒಡೆದು ಮರಿ ಬಂದು ಆರು ದಿನ ಆಯ್ತು. ಬನ್ನಿ, ತೋರಿಸ್ತೀನಿ” ಅಂದೆ ನೀನು. ಅಷ್ಟೇ ಅಂದೆ. ಮೇಡಂ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಖುಷಿಗೋ, ಮುಂದೆ ನಿನಗೆ ಏನಾಗುತ್ತದೆ ಅಂತ ಗೊತ್ತಿದ್ದದ್ದಕ್ಕೋ, ತಿಳಿಯದು.

ಹೊಸ ನಕ್ಷೆಗೆ ನಿನ್ನೆ ಸಹಿ ಆಯಿತು. ನಡುಬಯಲು ಹಸಿರು. ಬೇಲಿ, ಬೀಗ, ಯಾರಿಗೂ ಪ್ರವೇಶವಿಲ್ಲ, ಕುರಿಗಳಿಗೂ. ಫ್ಯಾನು ಒಂಬತ್ತರ ಬದಲು ಆರು, ಕೆಳಬಯಲಿನ ದಿಣ್ಣೆಯ ಮೇಲೆ, ಬುಡದಲ್ಲಿ ಕುರಿ ಮೇಯಬಹುದು. ಬೈಕಿನವರಿಗೆ ದಿಣ್ಣೆಯ ಪಕ್ಕದ ದಾರಿ. ಎಲ್ಲರಿಗೂ ಏನೋ ಒಂದು ಸಿಕ್ಕಿತು. ಹೋದದ್ದು ನಿನ್ನದೊಂದೇ.

ಏನು ಬರೆದರೂ ಕಡಿಮೆಯೇ. ಬೈದಾದರೂ ಒಂದು ಪತ್ರ ಹಾಕು.

ಗುಮ್ಮ


ಜೂನ್ ೩೦

ಅಕ್ಕಾ,

ಕಲ್ಲು ನೋಡಿಯೂ ಸುಳ್ಳು ಬರೆದೆ ಎಂದು ನಾನು ಲಿಖಿತ ಹೇಳಿಕೆ ಕೊಟ್ಟಿದ್ದೇನೆ. ಅದರಿಂದ ನಕ್ಷೆ ಬದಲಾಗುವುದಿಲ್ಲ, ಕಡತದಲ್ಲಿ ಇರುತ್ತದೆ. ವಿಚಾರಣೆ ಮುಗಿಯುವವರೆಗೆ ನನ್ನನ್ನು ನೆಲಮಾಳಿಗೆಯ ದಾಖಲೆ ಕೋಣೆಗೆ ಹಾಕಿದ್ದಾರೆ. ಇಲ್ಲಿ ಕಿಟಕಿ ಇಲ್ಲ. ಕರೆಂಟು ಹೋದರೆ ಎದ್ದು ಮೆಟ್ಟಿಲ ಮೇಲೆ ಕೂರುತ್ತೇನೆ.

ಹೇಳಬೇಕಾದ ದಿನ ಹೇಳಲಿಲ್ಲ. ಇದು ತಡವಾದ ಮಾತು ಅಂತ ಗೊತ್ತು.

ವ್ಯಾನಿನವನು ನೀನು ನಡೆದಾಡುತ್ತಿದ್ದೀಯ ಅಂದ. ಅಷ್ಟಾದರೂ ತಿಳಿಯಿತು.

ಗುಮ್ಮ


ಅಕ್ಟೋಬರ್ ೧೧

ಅಕ್ಕಾ,

ಇವಳು ಮತ್ತೆ ಎಣ್ಣೆ ಕಳಿಸಿದ್ದಾಳೆ. ಈ ಸಲ ಎರಡು ಬಾಟಲಿ. ಒಂದು ವ್ಯಾನಿನವನಿಗೆ, ಇನ್ನೊಂದು ನಿನ್ನವರೆಗೂ ತಲುಪಲಿ ಅಂತ.

ಗುಮ್ಮ


ಏಪ್ರಿಲ್ ೨೮

ಗುಮ್ಮಾ,

ಒಂದು ವರ್ಷ ಮಾತು ಬಿಟ್ಟಿದ್ದೆ. ನಿನ್ನ ಹಾಗೆ ಗುಮ್ಮನೆ ಕೂರಲು ನನಗೂ ಬರುತ್ತದೆ ಅಂತ ತೋರಿಸಿದೆ. ಆದರೆ ಕಷ್ಟ ಕಣೋ ಅದು. ನೀನು ಚಿಕ್ಕಂದಿನಿಂದ ಹೇಗೆ ಮಾಡುತ್ತಾ ಬಂದೆಯೋ.

ಮಂದೆಯಲ್ಲಿ ಅರ್ಧ ಮಾರಿದೆ. ಲಾರಿ ಹೊರಟಾಗ ನಾಯಿ ಅರ್ಧ ಮೈಲಿ ಅದರ ಹಿಂದೆ ಓಡಿ, ಸಾಕಾಗಿ ವಾಪಸು ಬಂತು. ಎರಡು ದಿನ ಊಟ ಬಿಟ್ಟಿತು. ನಾನೂ ಸರಿಯಾಗಿ ತಿನ್ನಲಿಲ್ಲ. ಅದರ ಬಗ್ಗೆ ಇನ್ನು ಬರೆಯುವುದಿಲ್ಲ.

ಕೆಳಬಯಲಿನ ಫ್ಯಾನು ತಿರುಗುತ್ತಿವೆ. ಮೊದಲು ಹುಯ್ ಅನ್ನುವ ಸದ್ದಿಗೆ ಬೆಚ್ಚಿದ ಕುರಿಗಳು ಈಗ ಕಂಬದ ನೆರಳಿನಲ್ಲಿ ಸಾಲಾಗಿ ಮಲಗುತ್ತವೆ. ನೆರಳು ಸರಿದ ಹಾಗೆ ಎದ್ದು ಎದ್ದು ಸರಿಯುತ್ತವೆ, ದಿನವಿಡೀ ಅದೇ ಕೆಲಸ. ಎಷ್ಟು ಹೊತ್ತಾಯಿತು ಅಂತ ನಾನು ಕುರಿ ನೋಡಿಯೇ ಹೇಳಬಲ್ಲೆ. ಕೊಟ್ಟಿಗೆಗೆ ಬಲ್ಬು ಮಾತ್ರ ಇನ್ನೂ ಬಂದಿಲ್ಲ.

ನಡುಬಯಲಿನ ಬೇಲಿಯಾಚೆ ಹುಲ್ಲು ಸೊಂಟಕ್ಕೆ ಬಂದಿದೆ. ಮೇಡಂ ತಿಂಗಳಿಗೊಮ್ಮೆ ಬಂದು ಬೀಗ ತೆಗೆದು ಒಳಗೆ ಹೋಗುತ್ತಾರೆ, ದುರ್ಬೀನು ಹಿಡಿದು ಹುಡುಕುತ್ತಾರೆ. ಪಾಪ, ಮುಖ ಚಿಕ್ಕದು ಮಾಡಿಕೊಂಡು ಬರುತ್ತಾರೆ. ಅಲ್ಲಿ ಅಜ್ಜಿಹಕ್ಕಿ ಇಲ್ಲ.

ಅದು ಮೇಲ್ಬಯಲಲ್ಲಿದೆ. ಹೋದ ಜೂನ್‌ನಲ್ಲಿ ಕಲ್ಲನ್ನು ಕೈಗಾಡಿಯಲ್ಲಿಟ್ಟು ನಾನೊಬ್ಬಳೇ ಅಲ್ಲಿಯವರೆಗೆ ತಳ್ಳಿಕೊಂಡು ಹೋದೆ. ಕಂಬದ ಮೇಲೆ ಎತ್ತಿಡಲು ಮಂಡಿ ಒಪ್ಪಲಿಲ್ಲ, ಬುಡದಲ್ಲೇ ಇಟ್ಟು ಬಂದೆ. ಕೆಳಗಿದ್ದರೂ ಅದಕ್ಕೆ ಗೊತ್ತಾಯಿತು ನೋಡು. ನಿನ್ನೆ ಮೊಟ್ಟೆ ಕಂಡೆ.

ಈಗ ಕಷ್ಟ ಏನಂದರೆ, ಬೈಕಿನವರು ಆ ಕಲ್ಲಿನ ಮೇಲೆ ಕೂತು ಬೂಟಿನ ದಾರ ಕಟ್ಟಿಕೊಳ್ಳುತ್ತಾರೆ, ಗೇಟು ತೆರೆದು ಒಳಗೂ ಹೋಗುತ್ತಾರೆ. ಮೇಲಿದ್ದರೆ ಯಾಕೆ ಅಂತಲಾದರೂ ಕೇಳುತ್ತಿದ್ದರು. ವ್ಯಾನಿನವನಿಗೆ ಹೇಳಿದರೆ ಸೊಂಟ ಹಿಡಿದುಕೊಂಡ. ಇನ್ನೊಂದು, ಮುಂದಿನ ತಿಂಗಳು ಹೊಸ ಸರ್ವೆಯಂತೆ. ಜೀಪು ಬರುತ್ತದೆ, ಇದೇನು ಕಲ್ಲು ಅಂತ ಕೇಳುತ್ತಾರೆ. ಬಯಲು ಬಿಟ್ಟದ್ದು ಅಂದರೆ ಬಳಕೆಯಲ್ಲಿಲ್ಲ ಅಂತ ಬರೆದು ನೀಲಿ ಹಚ್ಚುತ್ತಾರೆ, ಹಕ್ಕಿ ಅಂದರೆ ಹಸಿರು ಹಚ್ಚುತ್ತಾರೆ. ಯಾವುದು ಹೇಳಿದರೂ ಹೋಗುವುದು ನನ್ನದೇ. ನನಗೆ ಸಾಕಾಗಿದೆ ಗುಮ್ಮಾ. ಹೇಳುವುದಕ್ಕೂ ಸಾಕಾಗಿದೆ, ಬಚ್ಚಿಡುವುದಕ್ಕೂ ಸಾಕಾಗಿದೆ. ಏನು ಹೇಳಲಿ, ನೀನೇ ಹೇಳು.

ನಿನ್ನ ಅಕ್ಕ


ಮೇ ೪

ಅಕ್ಕಾ,

ನೀನು ಏನೂ ಹೇಳಬೇಡ. ಹೇಳುವುದು ನನ್ನ ಕೆಲಸ, ಒಂದು ವರ್ಷದಿಂದ ಬಾಕಿ ಇದೆ.

ವಿಚಾರಣೆ ಮುಗಿಯಿತು. ಎರಡು ತಿಂಗಳು ಮುಂಚೆಯೇ ಮನೆಗೆ ಕಳಿಸಿದರು. ನಿನ್ನ ಪತ್ರ ಬಂದ ದಿನ ದಾಖಲೆ ಕೋಣೆಯಲ್ಲಿ ನನ್ನ ಪೆಟ್ಟಿಗೆ ಕಟ್ಟುತ್ತಿದ್ದೆ. ಡ್ರಾಯರಿನಿಂದ ಆ ಕಾಗದ ತೆಗೆದೆ. ಅಪ್ಪನ ಹೆಸರಿನ ಮುಂದೆ ‘ವಾರಸುದಾರರು’ ಅಂತ ಎರಡು ಸಾಲು ಖಾಲಿ ಇದ್ದವು. ಮೊದಲನೆಯದರಲ್ಲಿ ನಿನ್ನ ಹೆಸರು ಬರೆದೆ. ಎರಡನೆಯದರಲ್ಲಿ ‘ಹಕ್ಕು ಬಿಟ್ಟುಕೊಟ್ಟಿದ್ದೇನೆ’ ಅಂತ ಬರೆಯುವುದು ವಾಡಿಕೆ. ಹಾಗೆ ಬರೆಯಲಿಲ್ಲ. ನನ್ನ ಹೆಸರನ್ನೇ ಬರೆದೆ, ಉದ್ಯೋಗ ಕುರಿ ಕಾಯುವುದು ಅಂತ ಬರೆದೆ, ಬಾಲ ಎಳೆದು ಸಹಿ ಮಾಡಿದೆ. ಗುಮಾಸ್ತ ನಕ್ಕ. ನಗಲಿ ಬಿಡು.

ಇನ್ನು ನೋಟಿಸು ಬಂದರೆ ನಮ್ಮ ಹೆಸರಿಗೇ ಬರುತ್ತದೆ, ಸಮಿತಿಯ ಆ ಖಾಲಿ ಕುರ್ಚಿಯಲ್ಲಿ ನಾನು ಕೂರುತ್ತೇನೆ. ಮೇಡಂ ಹತ್ತಿರ ಹೋಗಿದ್ದೆ. ಮೂರು ಬಯಲು, ಒಂದು ಕಲ್ಲು, ಒಂದು ಹಕ್ಕಿ, ಎಲ್ಲ ಹೇಳಿದೆ. ನಕ್ಷೆ ತೆಗೆದು ನೋಡಿದರು. “ಇದಕ್ಕೆ ಬಣ್ಣ ಇಲ್ವಲ್ಲ” ಅಂದರು. ಆಮೇಲೆ, “ನಡುಬಯಲಿನ ಬೀಗ ತೆಗೆಸಕ್ಕಾಗುತ್ತೋ ಇಲ್ವೋ, ಕೇಳಿ ನೋಡ್ತೀನಿ” ಅಂದರು. ಆಗುತ್ತದೆ ಅಂತ ನನಗೂ ನಂಬಿಕೆ ಇಲ್ಲ, ಅವರಿಗೂ ಇಲ್ಲ. ಕೇಳುವುದಂತೂ ಕೇಳುತ್ತಾರೆ.

ಜೀಪು ಬರುವ ದಿನ ನಾನು ಗೇಟಿನ ಹತ್ತಿರವೇ ನಿಂತಿರುತ್ತೇನೆ. ಇದೇನು ಕಲ್ಲು ಅಂತ ಯಾರಾದರೂ ಕೇಳಲಿ.

ಶುಕ್ರವಾರ ಹಾಲಿನ ವ್ಯಾನಿನಲ್ಲಿ ಹೊರಡುತ್ತಿದ್ದೇನೆ. ಬೀದಿ ಕಡೆಯ ಕೋಣೆಯ ಪರದೆಯನ್ನು ಇವಳು ಬಿಚ್ಚಿ ಮಡಚಿ ಕೊಟ್ಟಿದ್ದಾಳೆ, ದೊಡ್ಡಿಯಲ್ಲಿ ನಾನು ಮಲಗುವ ಮೂಲೆಗೆ ಗಾಳಿ ಅಡ್ಡ ಆಗಲಿ ಅಂತ. ಕೆಲಸ ಮುಗಿಸಿಕೊಂಡು ಜೂನ್‌ಗೆ ಅವಳೂ ಬರುತ್ತಾಳಂತೆ. ನೀನು ಕಲ್ಲು ಮುಟ್ಟಬೇಡ, ಕಂಬ ತೋರಿಸು ಸಾಕು. ನಾನು ಎತ್ತಿಡುತ್ತೇನೆ.

ಕೈ ತಪ್ಪಿ ಬಿದ್ದರೂ ಈ ಸಲ ಹೊಡೆಯಬೇಡ.

ಗುಮ್ಮ